ಶಿಶುವಿನ ಸಂವೇದನಾ ಸಂಕೇತಗಳು ಮತ್ತು ತಾಯ್ತನದ ನಡವಳಿಕೆ: ಒಂದು ಐತಿಹಾಸಿಕ ಅವಲೋಕನ

ತಾಯ್ತನವು ಹೆಣ್ಣಿಗೆ ಹುಟ್ಟಿನಿಂದಲೇ ಬಂದ ಸಹಜಪ್ರವೃತ್ತಿ ಎಂಬ ನಂಬಿಕೆ ಬಹು ಹಿಂದಿನದು. ಆದರೆ ಈ ವಾತ್ಸಲ್ಯವನ್ನು ಎಚ್ಚರಿಸುವುದರಲ್ಲಿ ಮರಿಯ ಪಾಲೆಷ್ಟು ಎಂಬ ಪ್ರಶ್ನೆಯೂ ಇದೆ. ಪಶುಪಾಲಕರಿಗೆ ಇದರ ಅರಿವಿತ್ತು. ಸತ್ತ ಕುರಿಮರಿಯ ಚರ್ಮವನ್ನು ತಬ್ಬಲಿ ಮರಿಗೆ ಹೊದಿಸಿ ತಾಯಿಕುರಿಯನ್ನು ಒಪ್ಪಿಸುವುದು, ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದಿರಿಸಿ ಹಾಲು ಕರೆಯುವುದು ಈ ಅರಿವಿನಿಂದಲೇ ರೂಢಿಗೆ ಬಂದವು. ವಿಜ್ಞಾನವು ಇದನ್ನು ಹೇಗೆ ಕಂಡುಕೊಂಡಿತೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಇಲಿಗಳ ತಾಯ್ತನದ ಬಗೆಗೆ ವೀಸ್ನರ್ ಮತ್ತು ಶೀರ್ಡ್ ಅವರ ಗ್ರಂಥವು 1933ರಲ್ಲಿ ಪ್ರಕಟವಾಯಿತು. 1956ರಲ್ಲಿ ಬೀಚ್ ಮತ್ತು ಜೇನ್ಸ್ ಅವರು, ತಾಯಿಇಲಿಯು ಚದುರಿದ ಮರಿಗಳನ್ನು ಗೂಡಿಗೆ ತರಲು ಯಾವ ಇಂದ್ರಿಯವನ್ನು ಅವಲಂಬಿಸುತ್ತದೆ ಎಂಬುದನ್ನು ಪರೀಕ್ಷಿಸಿದರು. ನೋಟ, ವಾಸನೆ, ಸ್ಪರ್ಶಗಳಲ್ಲಿ ಯಾವ ಒಂದೂ ಅನಿವಾರ್ಯವಲ್ಲ, ಅವು ಒಟ್ಟುಗೂಡಿ ಕೆಲಸ ಮಾಡುತ್ತವೆ ಎಂಬುದು ಇದರಿಂದ ತಿಳಿದುಬಂದಿತು. ಎಲ್ಲ ಜೀವಿಗಳಲ್ಲಿಯೂ ಹೀಗಿಲ್ಲ. ಕಿವುಡುಗೊಳಿಸಿದ ಟರ್ಕಿಕೋಳಿಗಳು ತಾವೇ ಕಾವು ಕೊಟ್ಟು ಒಡೆಸಿದ ಮರಿಗಳನ್ನು ಕುಕ್ಕಿ ಕೊಂದವೆಂದು ಶ್ಲೈಟ್ ಮತ್ತು ಸಂಗಡಿಗರು 1960ರಲ್ಲಿ ವರದಿ ಮಾಡಿದರು. ಮರಿಯ ಕೂಗು ಕೇಳಿಸದಿದ್ದಾಗ ತಾಯಿಗೆ ಮರಿಯೂ ಗೂಡಿಗೆ ನುಗ್ಗಿದ ಶತ್ರುವೇ ಆಯಿತು.

ಜೇ ರೋಸೆನ್‌ಬ್ಲಾಟ್ ಅವರ 1967ರ ಪ್ರಯೋಗವು ಈ ಚರ್ಚೆಗೆ ಹೊಸ ತಿರುವು ನೀಡಿತು. ಎಂದೂ ಈಯದ ಹೆಣ್ಣಿಲಿಗಳನ್ನು ಮಾತ್ರವಲ್ಲದೆ ಗಂಡಿಲಿಗಳನ್ನೂ ಅವರು ಮರಿಗಳೊಡನೆ ಇರಿಸಿದರು. ಸುಮಾರು ಒಂದು ವಾರದೊಳಗೆ ಅವೂ ಮರಿಗಳನ್ನು ನೆಕ್ಕಿ ಸಲಹತೊಡಗಿದವು. ಆಗತಾನೆ ಈದ ಇಲಿಯ ರಕ್ತದ ಪ್ಲಾಸ್ಮಾವನ್ನು ನೀಡಿದರೆ ಈ ಅವಧಿ ಕಡಿಮೆಯಾಗುತ್ತದೆಂದು ಟೆರ್ಕೆಲ್ ಮತ್ತು ರೋಸೆನ್‌ಬ್ಲಾಟ್ 1968ರಲ್ಲಿ ತೋರಿಸಿದರು. ಎಂದರೆ, ಹಾರ್ಮೋನುಗಳು ತಾಯ್ತನವನ್ನು ತ್ವರೆಗೊಳಿಸುತ್ತವೆ. ಅವಿಲ್ಲದೆಯೂ ಮರಿಯ ಸಾನ್ನಿಧ್ಯವು ಅದನ್ನು ಹುಟ್ಟಿಸಬಲ್ಲದು. ಕುರಿಗಳಲ್ಲಿ ಮಾತ್ರ ಅವಕಾಶ ಕಿರಿದು. ಈಯುವ ಮುನ್ನ ಹೇಸುತ್ತಿದ್ದ ಗರ್ಭಜಲದ ವಾಸನೆಯು ಈದೊಡನೆ ಅವುಗಳನ್ನು ಆಕರ್ಷಿಸುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ತಾಯಿಯು ತನ್ನ ಮರಿಯ ವಾಸನೆಯನ್ನು ಕಲಿತು, ಅನ್ಯ ಮರಿಗಳನ್ನು ದೂಡುತ್ತದೆ.

ಮನುಷ್ಯರ ವಿಷಯದಲ್ಲಿ, ದುಂಡುಮುಖ, ದೊಡ್ಡ ಕಣ್ಣು, ಎತ್ತರದ ಹಣೆಗಳು ಪಾಲನೆಯ ಭಾವವನ್ನು ಉದ್ದೀಪಿಸುತ್ತವೆಂದು ಕಾನ್ರಾಡ್ ಲೊರೆಂಜ್ 1943ರಲ್ಲಿ ಪ್ರತಿಪಾದಿಸಿದರು. 1972ರಲ್ಲಿ ಕ್ಲಾಸ್ ಮತ್ತು ಕೆನೆಲ್ ಮೊದಲಾದವರು 28 ತಾಯಂದಿರನ್ನು ಅಧ್ಯಯನ ಮಾಡಿ, ಹೆರಿಗೆಯಾದ ಕೂಡಲೇ ಮಗುವಿನೊಡನೆ ಹೆಚ್ಚು ಕಾಲ ಕಳೆದವರಲ್ಲಿ ಮಮತೆಯ ವರ್ತನೆ ಅಧಿಕವೆಂದರು. ತಾಯಿ-ಮಗುವನ್ನು ಬೇರ್ಪಡಿಸುವ ಆಸ್ಪತ್ರೆಗಳ ಪದ್ಧತಿ ಬದಲಾಗಲು ಇದು ನೆರವಾಯಿತು. ಆದರೆ ಮೊದಲ ಗಂಟೆಗಳೇ ನಿರ್ಣಾಯಕವೆಂಬ ಭಾವನೆಯು, ಕಾಯಿಲೆಯಿಂದ ಮಗುವಿನಿಂದ ದೂರವಿದ್ದ ತಾಯಂದಿರಿಗೂ ದತ್ತು ಪಡೆದವರಿಗೂ ಅನಗತ್ಯ ಅಪರಾಧಪ್ರಜ್ಞೆ ತರುವಂತಹುದು. ಡಯಾನ್ ಐಯರ್ ಅವರ 1992ರ ಗ್ರಂಥವು ಈ ಸಿದ್ಧಾಂತವನ್ನು ಕಟುವಾಗಿ ವಿಮರ್ಶಿಸಿತು.

ಕುರಿಯ ಕಿರಿದಾದ ಅವಧಿಯನ್ನು ಮನುಷ್ಯರಿಗೆ ಆರೋಪಿಸುವುದು ಯುಕ್ತವಲ್ಲ. ಮಗುವಿನ ಅಳು, ವಾಸನೆ, ಸ್ಪರ್ಶಗಳು ದಿನದಿನದ ಒಡನಾಟದಲ್ಲಿ ಪಾಲಕರನ್ನು ರೂಪಿಸುತ್ತಲೇ ಹೋಗುತ್ತವೆ. ಹೆತ್ತವಳಿಗಷ್ಟೇ ಅಲ್ಲ, ಎತ್ತಿ ಆಡಿಸಿದವರಿಗೂ ಇದು ಸಲ್ಲುತ್ತದೆ. ಈ ಸಂಶೋಧನೆಗಳ ಇತಿಹಾಸವು ಕಾಣಿಸಿಕೊಡುವ ಮುಖ್ಯ ಸಂಗತಿಯಿದು.