ಅಂಬೆಗಾಲಿಟ್ಟ ಪ್ರೊಫೆಸರ್

ಇವತ್ತಿನ ಕತೆ 1959ರದ್ದು. ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಪೆಡ್ರೊ ಬಾಕ್-ಇ-ರೀಟಾ ಅನ್ನೋ ಪ್ರೊಫೆಸರಿಗೆ ಸ್ಟ್ರೋಕ್ ಆಯ್ತು. ನಮ್ಮ ಕಡೆ 'ಲಕ್ವಾ ಹೊಡೀತು' ಅಂತೀವಲ್ಲ, ಅದೇ. ವಯಸ್ಸು 65. ಸ್ಪೇನ್‌ನ ಕ್ಯಾಟಲೋನಿಯಾ ಮೂಲದವರು, ಕವಿ ಬೇರೆ. ಅರ್ಧ ದೇಹ ಸ್ವಾಧೀನ ತಪ್ಪಿತು, ಮಾತು ನಿಂತಿತು.

ಅವರ ಮಗ ಜಾರ್ಜ್ ಆಗ ಮೆಕ್ಸಿಕೋದಲ್ಲಿ ಮೆಡಿಕಲ್ ಓದುತ್ತಿದ್ದ. ಅಪ್ಪನನ್ನು ಅಲ್ಲಿಗೇ ಕರೆಸಿಕೊಂಡ. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟಿದ್ದು ಬರೀ ನಾಲ್ಕು ವಾರ. ಯಾಕೆ ಅಂದ್ರೆ, ಪೆಟ್ಟು ತಿಂದ ಮಿದುಳು ಮತ್ತೆ ಕಲಿಯುತ್ತೆ ಅಂತ ಆಗ ಯಾರೂ ನಂಬಿರಲಿಲ್ಲ. ಪೆಡ್ರೊ ಮನೆಗೆ ಬಂದಾಗಲೂ ಸ್ನಾನಕ್ಕೆ, ಶೌಚಕ್ಕೆ ಎತ್ತಿಕೊಂಡು ಹೋಗಬೇಕಿತ್ತು.

ಜಾರ್ಜ್‌ಗೆ ಪುನಶ್ಚೇತನ ಚಿಕಿತ್ಸೆಯ ಗಂಧಗಾಳಿ ಇರಲಿಲ್ಲ. ಅದೇ ಒಳ್ಳೇದಾಯ್ತು ಅನ್ಸುತ್ತೆ! ಮಗು ಮೊದಲು ಅಂಬೆಗಾಲಿಡುತ್ತೆ, ಆಮೇಲೆ ನಡೆಯುತ್ತೆ, ಅಪ್ಪನೂ ಹಾಗೇ ಶುರು ಮಾಡಲಿ ಅಂದುಕೊಂಡ. ಮಂಡಿಗೆ ಪ್ಯಾಡ್ ಕಟ್ಟಿ, ಸೋತ ಭುಜವನ್ನು ಗೋಡೆಗೆ ಆನಿಸಿ, ತಿಂಗಳುಗಟ್ಟಲೆ ತೆವಳಿಸಿದ. ಮನೆಯೊಳಗಷ್ಟೇ ಅಲ್ಲ, ಅಂಗಳದಲ್ಲೂ. ದೊಡ್ಡ ಪ್ರೊಫೆಸರನ್ನ ನಾಯಿ ಥರ ತೆವಳಿಸ್ತಾನಲ್ಲ ಅಂತ ಅಕ್ಕಪಕ್ಕದವರು ಗಲಾಟೆ ಮಾಡಿದರು. ಅಪ್ಪ-ಮಗ ಬಗ್ಗಲಿಲ್ಲ.

ಇಲ್ಲಿ ಗಮನಿಸಿ. ಜಾರ್ಜ್ ಅಪ್ಪನಿಗೆ 'ಕೈ ಇಪ್ಪತ್ತು ಸಲ ಎತ್ತಿ' ಅಂತ ಹೇಳ್ತಾ ಕೂರಲಿಲ್ಲ. ನೆಲದ ಮೇಲೆ ಗೋಲಿ ಉರುಳಿಸ್ತಿದ್ದ, ಅಪ್ಪ ಹಿಡೀಬೇಕು. ಇಲ್ಲಾಂದ್ರೆ ಚಿಲ್ಲರೆ ಚೆಲ್ಲಿ, ಸೋತ ಕೈಯಲ್ಲೇ ಆರಿಸೋಕೆ ಬಿಡ್ತಿದ್ದ. ಪಾತ್ರೆ ತೊಳೆಯೋದಂತೂ ಪಕ್ಕಾ ಕಸರತ್ತು: ಒಳ್ಳೆ ಕೈಯಲ್ಲಿ ಪಾತ್ರೆ, ಸೋತ ಕೈಯಲ್ಲಿ ಉಜ್ಜೋದು, ಹದಿನೈದು ನಿಮಿಷ ಈ ಕಡೆ, ಹದಿನೈದು ನಿಮಿಷ ಆ ಕಡೆ. ಗೋಲಿ ಸಿಕ್ತಾ ಇಲ್ವಾ, ಪಾತ್ರೆ ಬೆಳಗಿತಾ ಇಲ್ವಾ ಅನ್ನೋದು ಕಣ್ಣಿಗೇ ಕಾಣುತ್ತೆ. ನಾಳೆ ಮತ್ತೆ ಮಾಡೋಕೆ ಅದೇ ಕಾರಣ. ಒಂದು ವರ್ಷದ ಹೊತ್ತಿಗೆ ಪೆಡ್ರೊ ಮತ್ತೆ ಕಾಲೇಜಿಗೆ ಹೋಗಿ ಪಾಠ ಮಾಡಿದರು. ಆಮೇಲೆ ಮರುಮದುವೆಯಾದರು, ಊರೂರು ಸುತ್ತಿದರು.

ಮಿದುಳಿಗೆ ಪೆಟ್ಟಾದವರಿಗೆ 'ಮನಸ್ಸು ಮಾಡಿ' ಅಂತ ಹೇಳೋದು ಸುಲಭ, ರೀಲ್ಸ್‌ನಲ್ಲಿ ಹೇಳೋ ಹಾಗೆ. ಆದರೆ ಮನಸ್ಸು ಮಾಡೋ ಕೆಲಸವೂ ಮಿದುಳಿನದೇ ಅಲ್ವಾ? ಮುಂಭಾಗಕ್ಕೆ ಏಟಾದರೆ ಎದ್ದು ಶುರು ಮಾಡೋ ಚೈತನ್ಯವೇ ಕುಂದಬಹುದು. ಮನೆಯವರು ಅದನ್ನ ಸೋಮಾರಿತನ ಅಂದುಬಿಡ್ತಾರೆ.

ಎಡ್ವರ್ಡ್ ಟಾಬ್ ಅನ್ನೋ ಮನಶ್ಶಾಸ್ತ್ರಜ್ಞ ಇನ್ನೊಂದು ಎಳೆ ಹಿಡಿದರು. ಕೋತಿಯ ಒಂದು ತೋಳಿನ ಸ್ಪರ್ಶದ ನರ ಕತ್ತರಿಸಿದರೆ, ಅಲ್ಲಾಡಿಸೋ ನರ ಸರಿಯಿದ್ದರೂ ಅದು ಆ ಕೈ ಬಳಸುತ್ತಿರಲಿಲ್ಲ. ಒಳ್ಳೆ ಕೈ ಕಟ್ಟಿದರೆ ಬಳಸ್ತಿತ್ತು! ಮೊದಮೊದಲು ಸೋತು ಸೋತು, ಬಳಸದೇ ಇರೋದನ್ನೇ ಕಲಿತುಬಿಟ್ಟಿತ್ತು. (ಅವರ ಪ್ರಯೋಗಾಲಯದ ಕೋತಿಗಳ ಸ್ಥಿತಿಗತಿ 1981ರಲ್ಲಿ ದೊಡ್ಡ ಕೇಸಾಯ್ತು. ಅದು ಇನ್ನೊಂದು ಎಪಿಸೋಡಿಗೆ.) ಇದೇ ವಿಚಾರ ಮನುಷ್ಯರ ಚಿಕಿತ್ಸೆಯಾಯ್ತು. ಒಳ್ಳೆ ಕೈಗೆ ಗವಸು ಹಾಕಿ, ಎರಡು ವಾರ ಸೋತ ಕೈಯಿಂದ ಕೆಲಸ ಮಾಡಿಸೋದು. ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಈ ಚಿಕಿತ್ಸೆ ಪಡೆದವರ ಕೈ ಚೆನ್ನಾಗಿ ಸುಧಾರಿಸಿತ್ತು, ವರ್ಷದ ನಂತರವೂ ಆ ಸುಧಾರಣೆ ಉಳಿದಿತ್ತು.

ಪೆಡ್ರೊ ಏನಾದರು? ಸ್ಟ್ರೋಕ್ ಆಗಿ ಏಳು ವರ್ಷಕ್ಕೆ, 72ನೇ ವಯಸ್ಸಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ ಬೆಟ್ಟ ಹತ್ತುವಾಗ ಹೃದಯಾಘಾತವಾಗಿ ತೀರಿಕೊಂಡರು. ಹೌದು, ಬೆಟ್ಟ ಹತ್ತುವಾಗ. ಶವಪರೀಕ್ಷೆಯಲ್ಲಿ ನೋಡಿದರೆ, ಮಿದುಳಿನಿಂದ ಬೆನ್ನುಹುರಿಗೆ ಹೋಗೋ ನರಗಳಲ್ಲಿ ಹೆಚ್ಚಿನವು ನಾಶವಾಗಿದ್ದವು. ಗಾಯ ವಾಸಿಯಾಗೇ ಇರಲಿಲ್ಲ, ಉಳಿದ ಮಿದುಳು ಬೇರೆ ದಾರಿಯಲ್ಲಿ ಕೆಲಸ ನಡೆಸಿತ್ತು.

ಆ ಚಿತ್ರಗಳನ್ನು ನೋಡಿದ ಇನ್ನೊಬ್ಬ ಮಗ ಪಾಲ್, ಆಗಲೇ ಮಿದುಳಿನ ಸಂಶೋಧಕ, ವೃತ್ತಿಯ ದಿಕ್ಕನ್ನೇ ಪುನಶ್ಚೇತನದ ಕಡೆ ತಿರುಗಿಸಿದರು. 1977ರಲ್ಲಿ ಅವರ ತಂಡ ಒಂದು ಪ್ರಬಂಧ ಮಂಡಿಸಿತು, ವಿಷಯ ವಿಡಿಯೋ ಗೇಮ್! ಅಟಾರಿ 1972ರಲ್ಲಿ ತಂದ ಪಾಂಗ್ ನೆನಪಿದೆಯಾ, ಪರದೆ ಮೇಲೆ ಎರಡು ಗೆರೆ, ಒಂದು ಚುಕ್ಕೆ? ಅದನ್ನೇ ಸೋತ ಕೈಯಿಂದ ಆಡಿಸೋದು. ಮಗನ ಕೈಯಿಂದ ಉರುಳಿದ ಗೋಲಿ ಈಗ ಟಿವಿ ಪರದೆ ಮೇಲೆ ಪುಟಿಯುತ್ತಿತ್ತು.