ವಾರಕ್ಕೊಂದೇ ಡ್ರಾ: ಲಾಟರಿಯಿಂದ ಕ್ರೇಟ್‌ವರೆಗೆ

1/5
ರಾಮಾಪುರದ ನಮ್ಮ ವಯಸ್ಸಿನವರಿಗೆ ಲಾಟರಿ ಅಂಗಡಿ ಗೊತ್ತೇ ಇಲ್ಲ. 2007ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಲಾಟರಿ ಬಂದ್. ಆಗ ಕುಮಾರಸ್ವಾಮಿ ಮುಖ್ಯಮಂತ್ರಿ, ನಾವಿನ್ನೂ ಕೂಸುಗಳು. ಕಾಗದದ ಟಿಕೆಟ್ಟೂ ಹೋಯ್ತು, ಆನ್‌ಲೈನ್ ಲಾಟರಿಯೂ ಹೋಯ್ತು.

2/5
ಬಂದ್ ಆಗೋಕೆ ಮೊದಲೂ ಲಾಟರಿಗೆ ಲಗಾಮು ಇತ್ತು. 1998ರ ಕೇಂದ್ರ ಕಾಯ್ದೆ ಎರಡು ಮಾತು ಹೇಳಿತ್ತು: ಒಂದಂಕಿ ಲಾಟರಿ ಕೂಡದು, ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಕೂಡದು. ಅಂದ್ರೆ ಸೋತವನು ಮನೆಗೆ ಹೋಗಿ ಯೋಚನೆ ಮಾಡೋಕೆ ಏಳು ದಿನ ಸಿಗ್ತಿತ್ತು.

3/5
ಈಗ ಗೇಮ್‌ನ ಕ್ರೇಟ್ ನೋಡಿ. ದುಡ್ಡು ಕೊಟ್ಟು ತೆರೀಬೇಕು, ಒಳಗೇನಿದೆ ಗೊತ್ತಿಲ್ಲ. ಡ್ರಾ ಮೂರು ಸೆಕೆಂಡಿಗೊಂದು! ಹೋದ ವರ್ಷ ಒಂದು ಗೇಮ್‌ನಲ್ಲಿ ಗನ್ ಸ್ಕಿನ್ ಆಸೆಗೆ ಒಂದೇ ರಾತ್ರಿ ₹900 ಕಳೆದೆ. ಅಪ್ಪ ಬಸ್ ಪಾಸಿಗೆ ಅಂತ ಕೊಟ್ಟಿದ್ದ ದುಡ್ಡು. ಸ್ಕಿನ್ ಬರಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ (ಬಿಕಾಂ ಓದಿ ಮೊದಲೇ ಹಾಕಬೇಕಿತ್ತು). ಒಂದು ಸ್ಕಿನ್ ಸಿಗೋ ಸಾಧ್ಯತೆ ಶೇ. 1 ಅಂತಿಟ್ಕೊಳ್ಳಿ. ನೂರು ಸಲ ತೆರೆದ್ರೆ ಸಿಕ್ಕೇ ಸಿಗುತ್ತೆ ಅಂದ್ಕೊಂಡ್ರಾ? ಇಲ್ಲ. ನೂರು ಸಲ ತೆರೆದ ಮೇಲೂ ನೂರಕ್ಕೆ ಸುಮಾರು 37 ಜನರ ಕೈ ಖಾಲಿ.

4/5
ಕಾನೂನು ಏನ್ಮಾಡ್ತು? 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ, ಪಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟಗಳೂ ಅದರಲ್ಲಿ ಸೇರಿದ್ದರಿಂದ ಹೈಕೋರ್ಟ್ 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹೊಸ ಕಾಯ್ದೆ ತಂದು, ಗೆಲ್ಲೋ ಆಸೆಗೆ ದುಡ್ಡು ಹಾಕೋ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು.

ಆದ್ರೆ ಈ ಕಾಯ್ದೆಗಳ ಕಣ್ಣೆಲ್ಲ ಪಣದ ಮೇಲೆ, ಗೆದ್ದ ದುಡ್ಡಿನ ಮೇಲೆ. ಕ್ರೇಟ್‌ನಿಂದ ದುಡ್ಡು ಬರಲ್ಲ, ಬಣ್ಣದ ಗನ್ ಬರುತ್ತೆ. ಜೇಬು ಖಾಲಿ ಆಗೋದು ಮಾತ್ರ ಎರಡರಲ್ಲೂ ಒಂದೇ.

5/5
ಬೇರೆ ಕಡೆ? ಚೀನಾ 2017ರಿಂದ, ದಕ್ಷಿಣ ಕೊರಿಯಾ 2024ರಿಂದ ಸಾಧ್ಯತೆಯ ಅಂಕಿ ಬಹಿರಂಗ ಮಾಡ್ಲೇಬೇಕು ಅಂತ ನಿಯಮ ಮಾಡಿವೆ. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ತೆರೆಯೋ ಇಂಥ ಪೆಟ್ಟಿಗೆ ಜೂಜೇ ಅಂತು.

ಗೇಮ್ ಬಂದ್ ಮಾಡಿ ಅಂತ ನಾನು ಹೇಳಲ್ಲ, ನಾನೂ ಆಡ್ತೀನಿ. ಆ 1998ರ ಲಗಾಮು ಇಲ್ಲಿಗೂ ಬರಲಿ ಅಷ್ಟೇ. ಬಟನ್ ಪಕ್ಕದಲ್ಲೇ ಸಾಧ್ಯತೆ ಎಷ್ಟು ಅಂತ ಇರಲಿ, ಬೆಲೆ ಕಾಯಿನ್‌ನಲ್ಲಲ್ಲ, ರೂಪಾಯಿಯಲ್ಲಿ ಇರಲಿ. ದಿನಕ್ಕೆ ಇಷ್ಟೇ ಅಂತ ಮಿತಿ ಇರಲಿ. ಹದಿನೆಂಟು ತುಂಬದವರಿಗೆ ಬೇಡವೇ ಬೇಡ.

ನೀವು ಇಲ್ಲಿವರೆಗೆ ಎಷ್ಟು ಹಾಕಿದ್ದೀರಾ? ಯುಪಿಐ ಹಿಸ್ಟರಿ ಒಂದ್ಸಲ ತೆಗೆದು ಕೂಡಿಸಿ ನೋಡಿ. ನನಗೆ ಹೇಳೋದು ಬೇಡ, ನಿಮಗೆ ಗೊತ್ತಾದ್ರೆ ಸಾಕು.