ನಗರತ್ತಾರರ ಲೇವಾದೇವಿ ಜಾಲ

ನಗರತ್ತಾರರ ಲೇವಾದೇವಿ ಜಾಲವು ತಮಿಳುನಾಡಿನ ಚೆಟ್ಟಿನಾಡು ಪ್ರದೇಶದ ನಾಟ್ಟುಕೋಟ್ಟೈ ಚೆಟ್ಟಿಯಾರ್ (ನಗರತ್ತಾರ್) ಸಮುದಾಯವು ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಆಗ್ನೇಯ ಏಷ್ಯಾದಲ್ಲಿ ವಿಸ್ತರಿಸಿದ ಹಣಕಾಸು ವ್ಯವಸ್ಥೆಯಾಗಿದೆ. ಸಿಲೋನ್, ಬರ್ಮಾ, ಮಲಯ ಮತ್ತು ಸಿಂಗಾಪುರಗಳು ಇದರ ಪ್ರಮುಖ ಕೇಂದ್ರಗಳಾಗಿದ್ದವು. ಈ ಶೈವ ಸಮುದಾಯದಲ್ಲಿ ದೇವಾಲಯವು ಆರಾಧನೆಯ ಸ್ಥಳವಾಗಿದ್ದಂತೆಯೇ ವೃತ್ತಿಬಾಂಧವರ ಸಭಾಸ್ಥಾನವೂ ಆಗಿತ್ತು.

ಸಂಘಟನೆ

ಸಮುದಾಯವು ಇಳೈಯಾತ್ತಂಗುಡಿ, ಮಾತ್ತೂರು, ಪಿಳ್ಳೈಯಾರ್‌ಪಟ್ಟಿ ಮೊದಲಾದ ಒಂಬತ್ತು ಕುಲದೇವಾಲಯಗಳನ್ನು ಆಧರಿಸಿ ವಿಂಗಡಣೆಗೊಂಡಿದೆ. ವಿವಾಹಿತ ಪುರುಷನ ಕುಟುಂಬವನ್ನು 'ಪುಳ್ಳಿ' ಎಂಬ ಘಟಕವಾಗಿ ಪರಿಗಣಿಸಿ ದೇವಾಲಯದ ವಂತಿಗೆಯನ್ನು ನಿಗದಿಪಡಿಸಲಾಗುತ್ತದೆ. ವ್ಯಾಪಾರದ ಆದಾಯದಿಂದ 'ಮಗಮೈ' ಎಂಬ ಧರ್ಮಾದಾಯವನ್ನೂ ತೆಗೆದಿಡಲಾಗುತ್ತಿತ್ತು.

ವಿದೇಶದ ಶಾಖೆಗಳನ್ನು ಏಜೆಂಟರು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಗೆ ನಡೆಸಿ ಊರಿಗೆ ಮರಳುತ್ತಿದ್ದರು. ಹಲವು ಸಂಸ್ಥೆಗಳ ಏಜೆಂಟರು 'ಕಿಟ್ಟಂಗಿ' ಎಂಬ ಒಂದೇ ಉದ್ದನೆಯ ಹಜಾರವನ್ನು ಹಂಚಿಕೊಂಡು, ತಲಾ ಒಂದು ಪೆಟ್ಟಿಗೆ ಮತ್ತು ತಗ್ಗಿನ ಮೇಜಿನೊಂದಿಗೆ ವ್ಯವಹರಿಸುತ್ತಿದ್ದರು. ಅಲ್ಲಿಯೇ ವಾಸಿಸುತ್ತಲೂ ಇದ್ದರು. ಸಿಂಗಾಪುರದ ಮಾರ್ಕೆಟ್ ಸ್ಟ್ರೀಟ್ ಇಂತಹ ಕಿಟ್ಟಂಗಿಗಳಿಗೆ ಹೆಸರಾಗಿತ್ತು.

ದೇವಾಲಯದ ಪಾತ್ರ

ನೆಲೆಸಿದ ಊರುಗಳಲ್ಲೆಲ್ಲ ನಗರತ್ತಾರರು ಮುರುಗನ್ ದೇವಾಲಯಗಳನ್ನು ಕಟ್ಟಿಸಿದರು. ಸಿಂಗಾಪುರದ ಟ್ಯಾಂಕ್ ರೋಡಿನಲ್ಲಿರುವ ಶ್ರೀ ತೆಂಡಾಯುಧಪಾಣಿ ದೇವಾಲಯವು 1859ರಲ್ಲಿ ಸ್ಥಾಪನೆಯಾಯಿತು. ದೇವಾಲಯದಲ್ಲಿ ಸೇರುತ್ತಿದ್ದ ಸಭೆಗಳು ಪರಸ್ಪರ ಸಾಲಕ್ಕೆ ಅನ್ವಯವಾಗುವ 'ನಡಪ್ಪು' ಬಡ್ಡಿದರವನ್ನು ನಿರ್ಧರಿಸುತ್ತಿದ್ದವು ಮತ್ತು ವ್ಯಾಜ್ಯಗಳನ್ನು ಬಗೆಹರಿಸುತ್ತಿದ್ದವು. ಮಾತು ತಪ್ಪಿದವನು ಸಮುದಾಯದೊಳಗಿನ ನಂಬಿಕೆಯನ್ನು ಕಳೆದುಕೊಳ್ಳುತ್ತಿದ್ದುದರಿಂದ, ಒತ್ತೆಯಿಲ್ಲದೆಯೂ ಸದಸ್ಯರ ನಡುವೆ ಬಂಡವಾಳ ಹರಿಯುವುದು ಸಾಧ್ಯವಾಗಿತ್ತು.

ಬರ್ಮಾ ಮತ್ತು ಅವನತಿ

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಬಳಿಕ ಕೆಳ ಬರ್ಮಾದ ಅಕ್ಕಿ ರಫ್ತು ಹೆಚ್ಚಿತು. ಪಾಶ್ಚಾತ್ಯ ಬ್ಯಾಂಕುಗಳು ರೈತರಿಗೆ ನೇರವಾಗಿ ಸಾಲ ನೀಡಲು ಹಿಂಜರಿದ ಕಾರಣ ಕೃಷಿ ಬಂಡವಾಳದ ಬಹುಭಾಗವನ್ನು ಚೆಟ್ಟಿಯಾರರು ಪೂರೈಸಿದರು. 1930ರ ದಶಕದ ಮಹಾಕುಸಿತದಲ್ಲಿ ಅಕ್ಕಿಯ ಬೆಲೆ ಬಿದ್ದು ಸಾಲಗಳು ಮರುಪಾವತಿಯಾಗಲಿಲ್ಲ. ಅಡಮಾನದ ಭೂಮಿ ಸಾಲಿಗರ ವಶವಾಯಿತು. 1930ರ ದಶಕದ ಕೊನೆಯ ವೇಳೆಗೆ ಕೆಳ ಬರ್ಮಾದ ಪ್ರಮುಖ ಭತ್ತದ ಜಿಲ್ಲೆಗಳ ಸಾಗುವಳಿ ಭೂಮಿಯಲ್ಲಿ ಸುಮಾರು ಕಾಲು ಭಾಗ ಅವರ ಹೆಸರಿನಲ್ಲಿತ್ತು. ಭೂಮಿ ಕಳೆದುಕೊಂಡ ಬರ್ಮೀ ರೈತರಲ್ಲಿ ತೀವ್ರ ಅಸಮಾಧಾನ ಮೂಡಿತು. ನಗದಿನ ಬದಲು ಮಾರಲಾಗದ ಭೂಮಿ ಕೈಸೇರಿದ ಚೆಟ್ಟಿಯಾರರ ಬಂಡವಾಳವೂ ಸಿಲುಕಿಕೊಂಡಿತು. 1942ರ ಜಪಾನಿ ಆಕ್ರಮಣದ ಸಮಯದಲ್ಲಿ ಹಲವರು ಭಾರತಕ್ಕೆ ಪಲಾಯನ ಮಾಡಿದರು. ಸ್ವಾತಂತ್ರ್ಯಾನಂತರ ಬರ್ಮಾ ಸರ್ಕಾರವು ಭೂಮಿಯನ್ನು ರಾಷ್ಟ್ರೀಕರಣಗೊಳಿಸಿತು.

ಪರಂಪರೆ

ಎಂ. ಸಿಟಿ. ಎಂ. ಚಿದಂಬರಂ ಚೆಟ್ಟಿಯಾರ್ 1937ರಲ್ಲಿ ಇಂಡಿಯನ್ ಓವರ್‌ಸೀಸ್ ಬ್ಯಾಂಕನ್ನು ಸ್ಥಾಪಿಸಿದರು. ಅದು ಕಾರೈಕುಡಿ, ಮದರಾಸು ಮತ್ತು ರಂಗೂನ್‌ಗಳಲ್ಲಿ ಏಕಕಾಲಕ್ಕೆ ಆರಂಭವಾಯಿತು. ಡೇವಿಡ್ ರುಡ್ನರ್ ಅವರು 1994ರಲ್ಲಿ ಪ್ರಕಟಿಸಿದ ಗ್ರಂಥವು ಈ ಜಾಲದ ಪ್ರಮುಖ ಅಧ್ಯಯನಗಳಲ್ಲೊಂದು. ಸಿಂಗಾಪುರ ಮತ್ತು ಪೆನಾಂಗ್‌ನ ಚೆಟ್ಟಿಯಾರ್ ದೇವಾಲಯಗಳು ಇಂದಿಗೂ ತೈಪೂಸಂ ಉತ್ಸವದ ಬೆಳ್ಳಿರಥವನ್ನು ಹೊರಡಿಸುತ್ತವೆ.